ಅರ್ಧ್ಯಾ ತೆಗೆದ ಪೂರಾ ಸಿನೆಮಾ

ಖಾನಾಪುರದ ಹಂಚಿನ ವ್ಯಾಪಾರಿ ಉತ್ತಮನ ಮನೆಯ ಮಾಡು ಅರ್ಧ ಹಂಚು, ಅರ್ಧ ಹುಲ್ಲು. ಇಡೀ ಜಿಲ್ಲೆಗೆ ಹಂಚು ಮಾರುವವನ ಮನೆ ಹೀಗೇಕೆ ಎಂದು ಯಾರಾದರೂ ಕೇಳಿದರೆ, "ನಡದೈತ್ರಿ ಕೆಲಸ" ಎನ್ನುತ್ತಿದ್ದ. ಆ ಕೆಲಸ ಅವನ ಮದುವೆಯ ವರ್ಷದಿಂದಲೂ ನಡೆದೇ ಇತ್ತು. ಹಿತ್ತಲಲ್ಲಿ ಬಾವಿ ತೋಡಲು ಹಿಡಿದ. ನೀರು ಬರುವ ಮೊದಲೇ ಅವನಿಗೆ ಬೇಸರ ಬಂತು. ಈಗ ಅದರೊಳಗೆ ಕುಂಬಳದ ಬಳ್ಳಿ ಹಬ್ಬಿತ್ತು. ಹಾರ್ಮೋನಿಯಂ ಕಲಿಯಲು ಹೋಗಿ ಕೆಳಗಿನ ಸಾ ದಿಂದ ಮೇಲಿನ ಸಾ ವರೆಗೆ ಹತ್ತುವುದನ್ನು ಕಲಿತ. ಇಳಿಯುವ ಪಾಠದ ದಿನ ಮಳೆಯೆಂದು ಹೋಗಲಿಲ್ಲ. ಹೀಗಾಗಿ ಅವನ ಸಂಗೀತ ಅಟ್ಟ ಹತ್ತಿ ಅಲ್ಲಿಯೇ ಕೂತಿತ್ತು. ಒಮ್ಮೆ ಕ್ಷೌರಕ್ಕೆ ಕುಳಿತವನು ಬೀದಿಯಲ್ಲಿ ಕರಡಿ ಆಡಿಸುವವ ಬಂದನೆಂದು ಎದ್ದು, ಆ ಕರಡಿಯ ಹಿಂದೆ ಜಾಂಬೋಟಿಯವರೆಗೂ ನಡೆದು, ಒಂದೇ ಮೀಸೆಯಲ್ಲಿ ಮರಳಿದ್ದ. ಅದನ್ನು ಊರು ಮರೆತಿಲ್ಲ. ಕರಡಿಯೂ ಮರೆತಿಲ್ಲವೆಂದು ಜಾಂಬೋಟಿಯವರು ಹೇಳುತ್ತಾರೆ.

ಊರು ಅವನಿಗೆ ಇಟ್ಟ ಹೆಸರು ಅರ್ಧ್ಯಾ. ಅದು ಅವನಿಗೆ ರೂಢಿಯಾಗಿತ್ತು. ಆದರೆ ಈಚೆಗೆ ಮಲಪ್ರಭೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಅವನ ಹೆಂಡತಿ ರಾಜಮತಿಯನ್ನು "ಅರ್ಧ್ಯಾನ ಹೇಣ್ತಿ" ಎಂದು ಕರೆಯತೊಡಗಿದ್ದರು. ರಾಜಮತಿಯೋ ಪೂರಾ ಹೆಂಗಸು. ಹೊಲಿಗೆಯಿರಲಿ, ಹಪ್ಪಳವಿರಲಿ, ಜಗಳವಿರಲಿ, ನಡುವೆ ಬಿಟ್ಟು ಎದ್ದವಳಲ್ಲ. ಅಂಥವಳು ಒಂದು ದಿನ ಒಗೆಯುತ್ತಿದ್ದ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದಳು. ಅಂದು ಉತ್ತಮನಿಗೆ ಊಟ ಸೇರಲಿಲ್ಲ. ಅರ್ಧ ಮಾತ್ರ ಸೇರಿತು.

ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ದೊಡ್ಡ ಅಧಿವೇಶನವಾಗಿ ಎರಡು ವರ್ಷ ಕಳೆದಿತ್ತು. ದೀಪಾವಳಿಗೆಂದು ಗಂಡಹೆಂಡಿರು ಟಿಳಕವಾಡಿಗೆ, ರಾಜಮತಿಯ ತವರಿಗೆ ಹೋದರು. ಅವಳ ತಮ್ಮ ಅಜಿತಕುಮಾರ ಅಲ್ಲಿಯ ಒಬ್ಬ ದೊಡ್ಡ ವಕೀಲರ ಹತ್ತಿರ ಕಾರಕೂನ. ಕೋರ್ಟಿನ ಗಾಳಿ ಎಷ್ಟು ಸೋಕಿತ್ತೆಂದರೆ, ಹೆಂಡತಿ ಸಾರಿಗೆ ಉಪ್ಪು ಹಾಕಲು ಮರೆತರೂ "ಇದಕ್ಕ ಪುರಾವೆ ಐತಿ" ಎನ್ನುತ್ತಿದ್ದ. ಹಬ್ಬದ ಸಂಜೆ ಭಾವನನ್ನು ಮೈದಾನದ ಡೇರೆಯ ಸಿನೆಮಾಕ್ಕೆ ಕರೆದುಕೊಂಡು ಹೋದ.

ಆಗಿನ ಸಿನೆಮಾಗಳಿಗೆ ಬಾಯಿ ಇರಲಿಲ್ಲ. ಪರದೆಯ ಮೇಲಿನವರು ಸುಮ್ಮನೆ ತುಟಿ ಆಡಿಸುತ್ತಿದ್ದರು. ಕೆಳಗೆ ಒಬ್ಬ ತಬಲಾ ಬಾರಿಸುತ್ತಿದ್ದ. ಆ ತಬಲಾದವನ ಹೊಡೆತಕ್ಕೆ ಡೇರೆಯ ಗೂಟಗಳು ಒಂದೊಂದು ಗೇಣು ಮೇಲೆದ್ದಿದ್ದವು. ಅಂಥ ಗದ್ದಲದಲ್ಲಿ ಅಜಿತಕುಮಾರ ಪ್ರತಿಯೊಂದನ್ನೂ ಭಾವನಿಗೆ ತಿಳಿಸಿ ಹೇಳುತ್ತಿದ್ದ: "ಇದು ಕುದರಿ ನೋಡ್ರಿ. ಇದು ಗುಡ್ಡ. ನಿಮ್ಮ ಹಳ್ಳ್ಯಾಗ ಇಂಥಾವು ಎಲ್ಲಿ ಬರಬೇಕು?"

ಗುಡ್ಡದಲ್ಲೇ ಹುಟ್ಟಿ ಬೆಳೆದ ಉತ್ತಮನಿಗೆ ತಡೆಯಲಾಗಲಿಲ್ಲ. ತಬಲಾದ ಸದ್ದನ್ನು ಮೀರಿಸಲು ಇದ್ದ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದ: "ಇಂಥಾ ಸಿನೆಮಾ ನಾನೂ ತಗೀತೇನಿ!"

ಸರಿಯಾಗಿ ಅದೇ ಗಳಿಗೆಗೆ ತಬಲಾದವನು ಬೀಡಿ ಹಚ್ಚಲು ಕೈ ತೆಗೆದಿದ್ದ.

ಡೇರೆಗೆ ಡೇರೆಯೇ ತಿರುಗಿ ನೋಡಿತು. ಪರದೆಯ ಮೇಲಿನ ಕುದುರೆಯೂ ಒಂದು ಕ್ಷಣ ನಿಂತಿತೆಂದು ಕಂಡವರು ಹೇಳುತ್ತಾರೆ. ಅಜಿತಕುಮಾರ ಎದ್ದು ನಿಂತು ಕೋಟು ಸರಿಪಡಿಸಿಕೊಂಡ.

"ಎಲ್ಲಾರೂ ಸಾಕ್ಷಿ ಇದ್ದೀರಿ! ನಮ್ಮ ಭಾವಾರು ಸಿನೆಮಾ ತಗೀತಾರಂತ! ಬರೂ ದೀಪಾವಳಿ ಒಳಗ ಅವರು ತಗದು ಪೂರಾ ಮಾಡಿದ್ರ, ಆ ಸಿನೆಮಾದ ಪೆಟಗಿ ನಾ ತಲಿ ಮ್ಯಾಲೆ ಹೊತ್ತು, ಬೆಳಗಾವಿ ಸ್ಟೇಶನ್ನಿಂದ ನಮ್ಮ ಮನಿ ತನಕಾ ನಡಕೋತ ಬರ್ತೇನಿ! ಪೂರಾ ಮಾಡಿದ್ರ ಅಂದೇನಿ. ನೆನಪಿರ್ಲಿ, ಪೂರಾ!"

ಡೇರೆಯಲ್ಲಿ ಚಪ್ಪಾಳೆಯಾಯಿತು. ಮರುದಿನದ ಗಾಡಿ ಖಾನಾಪುರ ಮುಟ್ಟುವ ಮೊದಲೇ ಸುದ್ದಿ ಮುಟ್ಟಿ, ಸ್ಟೇಶನ್ನಿನಲ್ಲಿ ಉತ್ತಮನಿಗಾಗಿ ಕಾಯುತ್ತಿತ್ತು.

ಗಾಡಿಯಲ್ಲಿ ರಾಜಮತಿ ಒಂದೇ ಮಾತು ಕೇಳಿದಳು: "ಈ ಸಲ ಮುಗಸ್ತೀರೇನ್ರಿ?"

"ಹೂಂ ಅಂದೇನಲಾ."

"ಹೂಂ ಅನ್ನೂದನ್ನೂ ನೀವು ಅರ್ಧಾನ ಅಂತೀರಿ" ಎಂದು ಅವಳು ಕಿಟಕಿಯತ್ತ ತಿರುಗಿದಳು.

ಸಿನೆಮಾಕ್ಕೆ ಕ್ಯಾಮೆರಾ ಬೇಕು. ಅದು ಕೊಲ್ಹಾಪುರದಲ್ಲಿತ್ತು. ಫಿಲ್ಮು ಬೇಕು. ಅದು ಮುಂಬಯಿಯಲ್ಲಿತ್ತು. ರೊಕ್ಕ ಬೇಕು. ಅದು ಎಲ್ಲಿಯೂ ಇರಲಿಲ್ಲ. ಉತ್ತಮನ ಹತ್ತಿರ ಇದ್ದದ್ದು ಹಂಚು, ಮತ್ತು ಊರಿಗೆ ತಿಳಿಯದಂತೆ ತಲೆಯಲ್ಲಿ ಅಡಗಿದ್ದ ಒಂದು ಬುದ್ಧಿ. ಆ ಬುದ್ಧಿಗೆ ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಮೂರೂ ಕೂಡಿ ಕೈ ಮುಗಿಯಬೇಕು.

ಬಸದಿಯಲ್ಲಿ ದೊಡ್ಡ ಪೂಜೆಯಾದಾಗ ಮೊದಲ ಕಲಶ ಯಾರು ಎರೆಯಬೇಕು, ಇಂದ್ರನ ಕಿರೀಟ ಯಾರು ಧರಿಸಬೇಕು ಎಂಬುದನ್ನು ಸವಾಲು ಕೂಗಿ ನಿರ್ಧರಿಸುತ್ತಾರೆ. ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಆ ಮಾನ. ಕಲಶದ ಸವಾಲು ನಡೆಯುವುದಾದರೆ ಸಿನೆಮಾದ ಪಾತ್ರಗಳ ಸವಾಲು ಯಾಕೆ ನಡೆಯಬಾರದು?

ರವಿವಾರದ ಸಂತೆ ತೆರವಾಗುವ ಹೊತ್ತಿಗೆ ಉತ್ತಮ ಹಂಚಿನ ರಾಶಿಯ ಮೇಲೆ ಹತ್ತಿ ನಿಂತ. ಆ ದಿನ ಖಾನಾಪುರದಲ್ಲಿ ಮನೆಯೊಳಗೆ ಉಳಿದವರೆಂದರೆ ತೊಟ್ಟಿಲಲ್ಲಿದ್ದ ಕೂಸುಗಳು. ಅವೂ ಅಳುವುದನ್ನು ನಿಲ್ಲಿಸಿ ಕೇಳುತ್ತಿದ್ದವು.

"ಸಿನೆಮಾದ ರಾಜಾ! ಯಾರು ಹಿಡೀತೀರಿ? ಬಸದಿ ಸವಾಲಿಗೆ ಏನ್ ರಿವಾಜು ಐತಿ, ಅದರ ಪ್ರಕಾರನ ಎಲ್ಲಾ! ಕೂದಲೆಳಿ ಹೆಚ್ಚುಕಡಿಮಿ ಆಗೂದಿಲ್ಲ!"

ಈ ಕೊನೆಯ ಮಾತನ್ನು ಅವನು ವ್ಯವಹಾರಕ್ಕೆ ಒಂದು ತೂಕ ಬರಲೆಂದು ಸೇರಿಸಿದ. ಸೇರಿಸಬಾರದಿತ್ತು.

ಬಟ್ಟೆ ಅಂಗಡಿಯ ಗುರುಪುತ್ರಪ್ಪ, ಮದುವೆಯಾಗದ, ಸದಾ ಇಸ್ತ್ರಿಯ ಅಂಗಿ ತೊಟ್ಟ ಮನುಷ್ಯ, ಮೊದಲು ಕೈ ಎತ್ತಿದ: "ಒಂದು ಚೀಲ ಭತ್ತದ ಕಿಮ್ಮತ್ತು!"

ಜಾಂಬೋಟಿ ಕಡೆಯ ದೊಡ್ಡ ಗದ್ದೆಗಳ ಒಡೆಯ ಸಿದರಾಯ ಎಲೆ ಅಡಿಕೆ ಉಗುಳಿ ಬಾಯಿ ತೆರವು ಮಾಡಿಕೊಂಡ: "ಕಿಮ್ಮತ್ತು ಗಿಮ್ಮತ್ತು ಯಾಕ? ಭತ್ತನ ಕೊಡ್ತೇನಿ. ಒಂದು ಬಂಡಿ!"

"ಒಂದೂವರಿ ಬಂಡಿ!"

"ನಿನ್ನ ಅಂಗಡ್ಯಾಗ ಬಂಡಿ ಎಲ್ಲೈತೋ ಗುರುಪುತ್ರಾ? ಧೋತರ ಹೇರ್ಕೊಂಡು ಬರ್ತೀಯೇನು? ಮೂರು ಬಂಡಿ!"

ಜನ ಹೋ ಎಂದರು. ರಾಜನ ಪಾತ್ರ ಸಿದರಾಯನದಾಯಿತು. ಗುರುಪುತ್ರಪ್ಪ ಮುಖ ಕೆಂಪು ಮಾಡಿಕೊಂಡು ಮಂತ್ರಿಯನ್ನು ಹಿಡಿದ. ಆಮೇಲೆ ಉತ್ತಮ ಕೂಗಿದ: "ರಾಕ್ಷಸ!"

ಯಾರೂ ಕೈ ಎತ್ತಲಿಲ್ಲ. ರಾಕ್ಷಸನಾದರೆ ಮಗಳಿಗೆ ವರ ಸಿಕ್ಕೀತೆ, ಅಂಗಡಿಗೆ ಗಿರಾಕಿ ಬಂದಾರೆ? "ರಾಕ್ಷಸ ಒಂದನೇ ಸಲಾ" ಎಂದು ಉತ್ತಮ ಮತ್ತೆ ಕೂಗಿದ. ಸಂತೆಯ ನಾಯಿ ಕೂಡ ಬಾಲ ಮುದುಡಿಕೊಂಡು ಬೇರೆ ಕಡೆ ನೋಡಿತು.

ಆಗ ಹಿಂದಿನಿಂದ ಒಂದು ದನಿ ಬಂತು. "ಎಂಥಾ ಗಂಡಸರಲೇ ನೀವು? ಕೂಗಿದ ಸವಾಲು ಖಾಲಿ ಹೋದ್ರ ಊರಿಗೆ ಅಪಮಾನ ಅಲ್ಲೇನು? ರಾಕ್ಷಸ ನಂದು. ಅರ್ಧಾ ಬಂಡಿ ಅಕ್ಕಿ!"

ಸೋನಾಬಾಯಿ! ಉತ್ತಮನ ಬಾಜೂ ಮನೆಯವಳು, ದೂರದ ಸಂಬಂಧದಲ್ಲಿ ಅತ್ತೆ. ಗಂಡ ತೀರಿಕೊಂಡ ಮೇಲೆ ಹೊಲ, ಮನೆ, ಆಳು, ಎಮ್ಮೆ ಎಲ್ಲವನ್ನೂ ಬರಿಯ ನಾಲಿಗೆಯಿಂದ ನಡೆಸಿಕೊಂಡು ಬಂದವಳು. ಅವಳು ಬೈಯಲು ನಿಂತರೆ ಲೋಂಡಾದಿಂದ ಬರುವ ಗಾಡಿ ತನ್ನ ಸೀಟಿಯನ್ನು ತಾನೇ ನುಂಗಿಕೊಳ್ಳುತ್ತಿತ್ತು. ಆದರೆ ಅವಳ ಬೈಗುಳ ತಿಂದು ಕೆಟ್ಟವರು ಊರಲ್ಲಿ ಒಬ್ಬರೂ ಇರಲಿಲ್ಲ, ಸುಧಾರಿಸಿದವರು ಓಣಿಗೊಬ್ಬರಿದ್ದರು.

"ಅತ್ತೀ, ನೀವು? ರಾಕ್ಷಸ?" ಎಂದು ಉತ್ತಮ ತೊದಲಿದ.

"ಯಾಕ? ನನಗೇನು ಅತ್ತಿ ಇದ್ದಾಳೇನು ಕೇಳಾಕ, ಮಾವ ಇದ್ದಾನೇನು? ಹೂಂ ಅನ್ನು!"

ಉತ್ತಮ ಹೂಂ ಅಂದ. ಜೀವನದಲ್ಲಿ ಮೊದಲ ಬಾರಿ ಪೂರಾ ಹೂಂ.

ಭತ್ತ ಮಾರಿ ಫಿಲ್ಮು ತರಿಸಿದ್ದಾಯಿತು. ಕ್ಯಾಮೆರಾದ ಬಾಡಿಗೆ ಉಳಿಯಿತು. ಅದನ್ನು ರಾಜಮತಿ ತನ್ನ ಕೈಗೆ ತೆಗೆದುಕೊಂಡಳು. ಟಿಳಕವಾಡಿಯ ತವರುಮನೆಯಲ್ಲಿ ಅರಿಶಿನ ಕುಂಕುಮ ಇಟ್ಟು ಓಣಿಯ ಹೆಂಗಸರನ್ನೆಲ್ಲ ಕರೆದಳು. ಅಜಿತಕುಮಾರ ಅಂಗೈಯಗಲದ ನಗೆಯಿಂದ ಎಲ್ಲರಿಗೂ ಪಾನಕ ಹಂಚಿದ. ತನ್ನ ತಲೆಯ ಮೇಲೆ ಪೆಟ್ಟಿಗೆ ಹೊರಿಸುವ ಕಾರ್ಯಕ್ಕೇ ತಾನು ಪಾನಕ ಹಂಚುತ್ತಿರುವೆನೆಂದು ಅವನಿಗೆ ತಿಳಿದದ್ದು ಲೋಟ ತೊಳೆದಿಟ್ಟ ಮೇಲೆ.

ಹೆಂಗಸರ ನಡುವೆ ಅಜಿತಕುಮಾರನ ಧಣಿಯ ಹೆಂಡತಿ, ವಕೀಲರ ಮನೆಯ ಶುಭದಾಬಾಯಿ ಕುಳಿತಿದ್ದಳು. ಅವಳು ಗಲ್ಲಕ್ಕೆ ಬೆರಳಿಟ್ಟು ಹೇಳಿದಳು: "ರಾಜಮತೀ, ನಾ ನೋಡಿದ ಸಿನೆಮಾದಾಗೆಲ್ಲಾ ಹೆಣ್ಣುಮಕ್ಕಳು ಅಳಕೋತನ ಇರ್ತಾರ. ಅವರೂ ಖರೇ ಹೆಣ್ಣುಮಕ್ಕಳಲ್ಲ, ಮೀಸಿ ಬೋಳಿಸಿದ ಗಂಡಸರು! ಅಳಲಾರದಾಕಿ ಒಬ್ಬಾಕೀನ್ನ ತೋರಸ್ತಿ ಅಂದ್ರ, ನಾವೆಲ್ಲಾ ಕೊಡ್ತೇವಿ."

"ಅಳಲಾರದಾಕಿ ನಮ್ಮೂರಾಗ ಅದಾಳ್ರಿ. ಆಕಿ ಬಾಜೂಕಿನವರು ಅಳ್ತಾರ" ಎಂದಳು ರಾಜಮತಿ.

ತಟ್ಟೆ ತುಂಬಿತು.

ಬೇಸಿಗೆಯ ಒಂದು ಬೆಳಿಗ್ಗೆ ಕೊಲ್ಹಾಪುರದ ಕೃಷ್ಣಾಜಿರಾವ ಮೂರು ಕಾಲಿನ ಕ್ಯಾಮೆರಾ ಹೊತ್ತುಕೊಂಡು ಖಾನಾಪುರದಲ್ಲಿ ಇಳಿದ. ಅದರ ಹಿಡಿಕೆಯನ್ನು ಕೈಯಿಂದ ಒಂದೇ ಸಮನೆ ತಿರುಗಿಸಬೇಕು. ಲಯ ತಪ್ಪಬಾರದೆಂದು ಕೃಷ್ಣಾಜಿರಾವ ಕಣ್ಣು ಮುಚ್ಚಿ "ವಿಠ್ಠಲ, ವಿಠ್ಠಲ" ಎನ್ನುತ್ತ ತಿರುಗಿಸುತ್ತಿದ್ದ. ಕೈ ನಿಧಾನವಾದರೆ ಪರದೆಯ ಮೇಲೆ ಜನ ಓಡುತ್ತಾರೆ, ಜೋರಾದರೆ ತೇಲುತ್ತಾರೆ ಎಂದು ಅವನು ತಿಳಿಸಿ ಹೇಳಿದ. ಇಡೀ ಊರು ಅದನ್ನು ಕೇಳಿ, ಅದೇ ಕ್ಷಣದಿಂದ ಸಿನೆಮಾ ಶಾಸ್ತ್ರದಲ್ಲಿ ಪಾರಂಗತವಾಯಿತು.

ಮಲಪ್ರಭೆಯ ದಂಡೆಯಲ್ಲಿ ಎಲ್ಲ ಸಜ್ಜಾಗಿತ್ತು. ಕತೆ ಉತ್ತಮನದೇ: ಸೊಕ್ಕಿನ ರಾಜ ಕಾಡಿಗೆ ಬರುತ್ತಾನೆ, ರಾಕ್ಷಸ ಅವನನ್ನು ಸೆರೆ ಹಿಡಿಯುತ್ತಾನೆ, ಮಂತ್ರಿ ಉಪಾಯದಿಂದ ರಾಕ್ಷಸನನ್ನು ಕೊಂದು ರಾಜನನ್ನು ಊರಿಗೆ ತರುತ್ತಾನೆ. ಹಂಚುಗಳನ್ನು ಪೇರಿಸಿ ಮೇಲೆ ಶಾಲು ಹೊದಿಸಿದ್ದು ಸಿಂಹಾಸನ.

"ಪಹಿಲಾ ಶಾಟ್ ಕೋಣತಾ? ಮೊದಲು ಏನು ಹಿಡೀಬೇಕು?" ಎಂದು ಕೃಷ್ಣಾಜಿರಾವ ಕೇಳಿದ.

ರಾಜಮತಿ ಒಂದು ಬಾಗಿಲ ಹಲಗೆಯನ್ನು ಎತ್ತಿಕೊಂಡು ಬಂದು ಕ್ಯಾಮೆರಾದ ಮುಂದೆ ನಿಲ್ಲಿಸಿದಳು. ಅದು ಅವರ ಮನೆಯ ಮುಂಬಾಗಿಲು. ಕೂರಿಸಬೇಕೆಂದು ತಂದು ವರ್ಷಗಟ್ಟಲೆ ಗೋಡೆಗೆ ಒರಗಿಸಿದ್ದು. ಅದರ ಮೇಲೆ ಸುಣ್ಣದಿಂದ ದೊಡ್ಡದಾಗಿ, ಕನ್ನಡದಲ್ಲೊಮ್ಮೆ, ಮರಾಠಿಯವರಿಗಾಗಿ ಬಾಳಬೋಧ ಲಿಪಿಯಲ್ಲೊಮ್ಮೆ, ಬರೆದಿದ್ದಳು: ಸಂಪೂರ್ಣ.

"ಅಹೋ ಬಾಯಿ, ಇದು ಕೊನೀಗೆ ಬರೂದು!"

"ನಮ್ಮವರ ಪರಿಚೆ ನಿಮಗಿಲ್ಲರಿ. ಮೊದಲು ಇದನ್ನ ಹಿಡೀರಿ. ಶುರು ಆಮ್ಯಾಲೆ ಮಾಡೂಣು."

ಕೃಷ್ಣಾಜಿರಾವ ನಕ್ಕು, ವಿಠ್ಠಲನನ್ನು ನೆನೆದು, ಹಿಡಿದ. ಹೀಗೆ ಉತ್ತಮನ ಬಾಳಿನಲ್ಲಿ ಒಂದು ಕೆಲಸ ಶುರುವಾಗುವ ಮೊದಲೇ ಮುಗಿಯಿತು.

ಅಷ್ಟರಲ್ಲಿ ರಾಜ ಬಂದ. ಬಂದ ಎನ್ನುವುದು ತಪ್ಪು. ಬಂದರು. ಜಾಂಬೋಟಿಯ ದಾರಿಯಿಂದ ಬಂಡಿಯ ಹಿಂದೆ ಬಂಡಿ. ಸಿದರಾಯ, ಅವನ ಅಣ್ಣಂದಿರು, ತಮ್ಮಂದಿರು, ಮಕ್ಕಳು, ಅಳಿಯಂದಿರು, ಹಲ್ಲಿಲ್ಲದ ಮುದಿ ತಂದೆ, ಎಲ್ಲರ ತಲೆಯ ಮೇಲೂ ಬೇಗಡೆಯ ಕಿರೀಟ. ಬಿಸಿಲಿಗೆ ಆ ಕಿರೀಟಗಳ ಥಳಥಳ ಎಷ್ಟಿತ್ತೆಂದರೆ, ನದಿಯ ಮೀನುಗಳು ಸೂರ್ಯ ಒಡೆದು ಚೂರಾದನೆಂದು ತಳಕ್ಕೆ ಇಳಿದವು.

"ಸಿದರಾಯಪ್ಪಾ, ರಾಜಾ ಒಬ್ಬನಾ ಅಲ್ಲೇನ್ರಿ!" ಎಂದು ಉತ್ತಮ ಕೈ ಕೈ ಹಿಸುಕಿಕೊಂಡ.

"ಹಂಗಂತ ನೀವು ಹೇಳಿದ್ದಿಲ್ಲ. ಬಸದಿ ರಿವಾಜು ಅಂದ್ರಿ. ನಾ ವಿಚಾರ ಮಾಡ್ಕೊಂಡ ಬಂದೇನಿ. ಅಲ್ಲಿ ಹ್ಯಾಂಗ ಐತಿ, ಸೋನಾಬಾಯಾರ, ನೀವ ಹೇಳ್ರಿ."

ಸೋನಾಬಾಯಿ ಮೈಗೆಲ್ಲ ಮಸಿ ಬಳಿದುಕೊಂಡು, ಎಮ್ಮೆಯ ಕೊಂಬು ಕಟ್ಟಿಕೊಂಡು ಆಲದ ಬುಡದಲ್ಲಿ ಕುಳಿತಿದ್ದಳು. ರಿವಾಜಿನ ವಿಷಯದಲ್ಲಿ ಅವಳು ಸುಳ್ಳಾಡುವವಳಲ್ಲ. "ಸವಾಲು ಹಿಡದಾವ ಒಬ್ಬನಾದ್ರೂ ಮಾನ ಮನಿತನಕ್ಕೆಲ್ಲಾ. ಕಲಶ ಎರಿಯೂ ಮುಂದ ಮನೀ ಮಂದಿ ಎಲ್ಲಾರೂ ಕೈ ಹಚ್ಚೂದಿಲ್ಲೇನು? ಖರೇ ಐತಿ. ಎಲ್ಲಾರೂ ರಾಜರ."

ಮೂರು ಬಂಡಿ ಭತ್ತ ಆಗಲೇ ಫಿಲ್ಮಾಗಿತ್ತು. ವಾದಿಸುವಂತಿರಲಿಲ್ಲ. ಉತ್ತಮ ತಲೆ ಕೆರೆದುಕೊಂಡು ಅಲ್ಲಿಯೇ ಕತೆ ತಿದ್ದಿದ. ಒಬ್ಬ ರಾಜ ಆಳುತ್ತಾನೆ, ಆಮೇಲೆ ಅವನ ತಮ್ಮ ಆಳುತ್ತಾನೆ, ಆಮೇಲೆ ಅಳಿಯ. ಸಿನೆಮಾ ಎನ್ನುವುದು ಹೀಗೆ ಇಡೀ ರಾಜವಂಶದ ಚರಿತ್ರೆಯಾಯಿತು. ಒಬ್ಬೊಬ್ಬರೂ ಬಂದು ಸಿಂಹಾಸನದಲ್ಲಿ ಕುಳಿತು, ಮೀಸೆ ತಿರುವಿ, ಇಳಿದರು. ಒಬ್ಬೊಬ್ಬರು ಕುಳಿತಾಗಲೂ ಕೆಳಗೆ ಒಂದೊಂದು ಹಂಚು ಚಟ್ಟೆನ್ನುತ್ತಿತ್ತು. ರಾಜ್ಯ ರಾಜನಿಂದ ರಾಜನಿಗೆ ತಗ್ಗುತ್ತ ಹೋಯಿತು.

ಗುರುಪುತ್ರಪ್ಪ ಮಂತ್ರಿಯ ಪೇಟ ಸುತ್ತಿ ಸಿಂಹಾಸನದ ಬಾಜು ನಿಂತಿದ್ದ. ಒಂಟಿ ಮನುಷ್ಯ, ಮನೆತನದ ಲಾಭ ಅವನಿಗಿಲ್ಲ. ಆದ್ದರಿಂದ ಪ್ರತಿಯೊಬ್ಬ ರಾಜನ ಹೊತ್ತಿನಲ್ಲೂ ಕ್ಯಾಮೆರಾದ ಕಡೆ ತಿರುಗಿ, ಕೈ ಜೋಡಿಸಿ ಒಂದು ನಮಸ್ಕಾರ ಮಾಡುತ್ತಿದ್ದ.

"ಗುರುಪುತ್ರಪ್ಪಾ, ರಾಜನ್ನ ನೋಡ್ರಿ, ಕ್ಯಾಮೆರಾ ನೋಡಬ್ಯಾಡ್ರಿ!"

"ಮುಂದ ಇದನ್ನ ನೋಡೂ ಮಂದಿ ಅದರಾಗ ಇರ್ತಾರಿಲ್ಲೊ? ಅವರು ನನ್ನ ಗಿರಾಕಿ. ನಮಸ್ಕಾರ ಮಾಡದಾ ಇರಾಕ ಹ್ಯಾಂಗ ಆಕ್ಕೈತಿ?"

ಕೊನೆಗೆ ಸಿದರಾಯನ ಮುದಿ ತಂದೆಯ ಸರದಿ. ಮುದುಕ ಸಿಂಹಾಸನದ ಮೇಲೆ ಕುಳಿತ, ಶಾಲು ಮೆತ್ತಗಿತ್ತು, ಗಾಳಿ ತಂಪಿತ್ತು, ಗೊರಕೆ ಹೊಡೆಯತೊಡಗಿದ. ಎಬ್ಬಿಸುವ ಧೈರ್ಯ ಯಾರಿಗಿದೆ? ಮಕ್ಕಳೆಲ್ಲ ಭಕ್ತಿಯಿಂದ ಕೈ ಕಟ್ಟಿ ನಿಂತರು. ಕೃಷ್ಣಾಜಿರಾವ ಕಣ್ಣು ಮುಚ್ಚಿ ವಿಠ್ಠಲನಲ್ಲಿ ಮುಳುಗಿದ್ದ; ಹಿಡಿಕೆ ತಿರುಗುತ್ತಲೇ ಇತ್ತು. ಮುಂಬಯಿಯ ಫಿಲ್ಮು ಮುದುಕನ ನಿದ್ದೆಯನ್ನು ನುಂಗುತ್ತ ಹೋಯಿತು.

ಆಲದ ಬುಡದಲ್ಲಿ ರಾಕ್ಷಸನಿಗೆ ಬೆವರು ಬಂತು. ಮಸಿ ಇಳಿದು ಕಣ್ಣಿಗೆ ಹೋಯಿತು. ಅಷ್ಟೇ ಸಾಕಾಯಿತು. ಸೋನಾಬಾಯಿ ಕೊಂಬು ಸರಿಪಡಿಸಿಕೊಂಡು, ಸರದಿ ಕರೆಯದೆಯೇ ಕ್ಯಾಮೆರಾದ ನಡುಮಧ್ಯಕ್ಕೆ ನಡೆದು ಬಂದಳು.

"ಏನಲೇ ಸಿದರಾಯಾ! ನಿಮ್ಮಪ್ಪಗ ಮಲಗಾಕ ಸಿಂಹಾಸನಾ ಬೇಕೇನಲೇ? ಮನ್ಯಾಗ ಹಾಸಿಗಿ ಇಲ್ಲೇನು? ಮುಂಜಾನಿಂದ ಮಸಿ ಬಡಕೊಂಡು ಕುಂತೇನಿ, ನಾ ಏನ್ ಒಲಿ ಮ್ಯಾಲಿನ ಹಂಡೇ ಅಂತ ತಿಳದೀರೇನು? ನಿಮ್ಮ ಕಿರೀಟಕ್ಕ ನನ್ನ ಎಮ್ಮಿ ಸಗಣಿ ಹಚ್ಚಲಿ! ಏಳ್ರಲೇ! ಏಳ್ರಿ!"

ಅದು ನಟನೆಯಲ್ಲ, ಎಂದಿನದೇ. ಕೃಷ್ಣಾಜಿರಾವ ಕಣ್ಣು ತೆರೆದ. ಕೊಂಬಿನ ಆ ರೂಪ ಕಂಡು ವಿಠ್ಠಲ ಗಂಟಲಲ್ಲೇ ಸಿಕ್ಕಿಕೊಂಡ; ಲಯ ತಪ್ಪಿ ಕೈ ನಿಧಾನವಾಯಿತು. ಮುದುಕ ಗಡಬಡಿಸಿ ಎದ್ದು ಓಡಿದ. ಅವನ ಹಿಂದೆ ಮಕ್ಕಳು, ಅಳಿಯಂದಿರು, ಇಡೀ ರಾಜವಂಶ ಕಿರೀಟ ಹಿಡಿದುಕೊಂಡು ಓಡಿ ಮಲಪ್ರಭೆಗೆ ಬಿತ್ತು. ಮಂತ್ರಿ ಮಾತ್ರ ಕದಲಲಿಲ್ಲ. ಕ್ಯಾಮೆರಾದ ಕಡೆ ತಿರುಗಿ ನಮಸ್ಕಾರ ಮಾಡಿದ.

ಕ್ಯಾಮೆರಾದೊಳಗೆ ಖಟಖಟ ಸದ್ದಾಯಿತು. "ಸಂಪಲಾ" ಎಂದ ಕೃಷ್ಣಾಜಿರಾವ. "ಫಿಲ್ಮು ತೀರಿತು."

ಸೆರೆಮನೆ ಇರಲಿಲ್ಲ, ಉಪಾಯ ಇರಲಿಲ್ಲ, ರಾಕ್ಷಸ ಸತ್ತಿರಲಿಲ್ಲ. ಉತ್ತಮ ಒಡೆದ ಹಂಚಿನ ಮೇಲೆ ಕುಳಿತ. ಮತ್ತೊಂದು ಅರ್ಧ.

ಮಳೆಗಾಲವೆಲ್ಲ ಫಿಲ್ಮು ಕೊಲ್ಹಾಪುರದಲ್ಲಿ ತೊಳೆಸಿಕೊಂಡು ಒಣಗಿತು. ದೀಪಾವಳಿಯ ಹಿಂದಿನ ದಿನ ಹೊತ್ತು ಮುಳುಗುತ್ತಲೇ ಉತ್ತಮನ ಹಂಚಿನ ಅಂಗಳದಲ್ಲಿ ಪರದೆ ಕಟ್ಟಿದರು. ಕೃಷ್ಣಾಜಿರಾವ ಗ್ಯಾಸಿನ ದೀಪದ ಯಂತ್ರ ತಂದಿದ್ದ. ಟಿಳಕವಾಡಿಯ ಹೆಂಗಸರು ಶುಭದಾಬಾಯಿಯ ಮುಂದಾಳುತನದಲ್ಲಿ ಗಾಡಿಗೆ ಬಂದಿಳಿದರು. ಸಿದರಾಯನ ಮನೆತನ ಕಿರೀಟ ಧರಿಸಿಯೇ ಮುಂದಿನ ಸಾಲು ಹಿಡಿದಿತ್ತು. ಅಜಿತಕುಮಾರ ಕೋಟು ತೊಟ್ಟು ಖುರ್ಚಿಯ ಮೇಲೆ ಕಾಲಮೇಲೆ ಕಾಲು ಹಾಕಿದ್ದ. ಪರದೆಯ ಬಾಜು ನಿಂತು ಕತೆ ಹೇಳುವ ಕೆಲಸ ಉತ್ತಮನದು.

ರಾಜರು ಬಂದರು, ಕುಳಿತರು, ಇಳಿದರು. ಮಂತ್ರಿ ನಮಸ್ಕಾರ ಮಾಡಿದಾಗಲೆಲ್ಲ ಅಂಗಳದ ಜನ ಎದ್ದು ಮರಳಿ ನಮಸ್ಕಾರ ಮಾಡಿದರು. ಖಾನಾಪುರದ ಜನಕ್ಕೆ ರೀತಿ ಗೊತ್ತಿದೆ. ಮುದುಕ ನಿದ್ದೆ ಮಾಡಿದಾಗ ಮಕ್ಕಳನ್ನು "ಶ್, ಅಜ್ಜ ಮಲಗ್ಯಾನ" ಎಂದು ಸುಮ್ಮನಾಗಿಸಿದರು. ಆಮೇಲೆ ರಾಕ್ಷಸ ಬಂದ.

ಉತ್ತಮ ಬಾಯಿ ತೆರೆದ. ಇಲ್ಲಿ ಏನು ಹೇಳಬೇಕೆಂದು ಅವನು ಬರೆದಿಟ್ಟುಕೊಂಡೇ ಇರಲಿಲ್ಲ. ಯಂತ್ರ ತಿರುಗುತ್ತಿತ್ತು, ಸೋನಾಬಾಯಿಯ ತುಟಿ ಆಡುತ್ತಿತ್ತು, ಸದ್ದಿಲ್ಲ.

ಆಗ ಹಿಂದಿನ ಸಾಲಿನ ಒಬ್ಬ ಹೆಂಗಸು ಅಂದಳು: "ಏನಲೇ ಸಿದರಾಯಾ!"

ಇನ್ನೊಬ್ಬಳು ಮುಂದುವರಿಸಿದಳು: "ನಿಮ್ಮಪ್ಪಗ ಮಲಗಾಕ ಸಿಂಹಾಸನಾ ಬೇಕೇನಲೇ?"

ಆ ತುಟಿಗಳನ್ನು ಊರು ಹುಟ್ಟಿದಾಗಿನಿಂದ ಓದಿತ್ತು. ಇಡೀ ಅಂಗಳ ಒಂದೇ ದನಿಯಲ್ಲಿ, ಒಂದು ಅಕ್ಷರ ಹಿಂದೆ ಮುಂದೆ ಆಗದೆ, ಪರದೆಯ ಮೇಲಿನ ಬಾಯಿಗೆ ಸರಿಯಾಗಿ ಬೈಯಿತು: "ನಾ ಏನ್ ಒಲಿ ಮ್ಯಾಲಿನ ಹಂಡೇ ಅಂತ ತಿಳದೀರೇನು!" ರಾಜವಂಶ ಮಿಂಚಿನ ವೇಗದಲ್ಲಿ ಓಡಿತು, ನದಿಗೆ ಬಿತ್ತು. ಅಂಗಳದಲ್ಲಿ ಕುಳಿತಿದ್ದ ರಾಜವಂಶವೂ ಅಭ್ಯಾಸಬಲದಿಂದ ಅರ್ಧ ಎದ್ದು ನಿಂತಿತು. ಅಮೇರಿಕದವರು ಮಾತಾಡುವ ಸಿನೆಮಾ ತಾವೇ ಮೊದಲು ಮಾಡಿದೆವೆಂದು ಹೇಳಿಕೊಳ್ಳುತ್ತಾರಂತೆ. ಹೇಳಿಕೊಳ್ಳಲಿ ಪಾಪ. ಅವರು ಖಾನಾಪುರಕ್ಕೆ ಬಂದಿರಲಿಲ್ಲ.

ಥಟ್ಟನೆ ಪರದೆಯ ಮೇಲೆ, ಕೃಷ್ಣಾಜಿರಾವ ಮೊದಲಿನಿಂದ ಕತ್ತರಿಸಿ ಕೊನೆಗೆ ಅಂಟಿಸಿದ್ದ ಬಾಗಿಲು ನಿಂತಿತು. ಸಂಪೂರ್ಣ.

ಅಜಿತಕುಮಾರ ಜಿಗಿದೆದ್ದ. "ಎಲ್ಲಿ ಸಂಪೂರ್ಣ? ಇದು ಅರ್ಧ! ರಾಕ್ಷಸ ಸಾಯಲಿಲ್ಲ! ರಾಜಾ ಊರಿಗೆ ಬರಲಿಲ್ಲ! ಮಂತ್ರಿ ಒಂದು ಕೆಲಸಾ ಮಾಡಲಿಲ್ಲ! ಕಾಯದೇಶೀರ ಅರ್ಧ ಐತಿ!"

ಎಲ್ಲರೂ ಉತ್ತಮನ ಕಡೆ ನೋಡಿದರು. ಅವನು ರಾಜಮತಿಯ ಕಡೆ ನೋಡಿದ. ಅವಳು ಪರದೆಯ ಮೇಲಿನ ತನ್ನ ಅಕ್ಷರಗಳನ್ನೇ ನೋಡುತ್ತಿದ್ದಳು.

ಸೋನಾಬಾಯಿ ಸೊಂಟಕ್ಕೆ ಸೆರಗು ಸಿಗಿಸಿ ಎದ್ದಳು. "ರಾಕ್ಷಸ ಯಾಕ ಸಾಯಬೇಕೋ? ಅರ್ಧಾ ಬಂಡಿ ಅಕ್ಕಿ ಕೊಟ್ಟೇನಿ, ಸಾಯಾಕೇನು? ರಾಜಾ ಊರಿಗೆ ಬರಲಿಲ್ಲಂತ ಯಾರಂದ್ರು? ಇಲ್ಲಿ ನೋಡು, ಸಾಲು ಹಿಡದು ಕುಂತಾನ!"

ಮುಂದಿನ ಸಾಲಿನ ಕಿರೀಟಗಳೆಲ್ಲ ಒಟ್ಟಿಗೆ ಅಲ್ಲಾಡಿದವು.

"ಮತ್ತ ಮಂತ್ರಿ ಎಲ್ಲೆರ ಕೆಲಸಾ ಮಾಡ್ತಾನೇನ್ರಿ?" ಎಂದು ಗುರುಪುತ್ರಪ್ಪ ಎದ್ದ. "ಬಾಜೂಕ ನಿಂತು ನಮಸ್ಕಾರ ಹೊಡಿಯೂದಾ ಮಂತ್ರಿ ಕೆಲಸಾ. ನಾ ಪೂರಾ ಮಾಡೇನಿ."

ಅಜಿತಕುಮಾರ ಇನ್ನೂ ಏನೋ ಹೇಳಲಿದ್ದ. ಅಷ್ಟರಲ್ಲಿ ಶುಭದಾಬಾಯಿ ಕುಳಿತಲ್ಲಿಂದಲೇ ಅಂದಳು: "ಅಳಲಾರದಾಕಿ ಕೇಳಿದ್ವಿ, ಸಿಕ್ಕಳು. ನಮ್ಮ ಲೆಕ್ಕಕ್ಕ ಸಿನೆಮಾ ಪೂರಾ ಆತು. ಅಜಿತಕುಮಾರ, ನಾಳಿ ನಮ್ಮ ಯಜಮಾನರೂ ಸ್ಟೇಶನ್ನಿಗೆ ಬರ್ತಾರ, ನಿಮ್ಮನ್ನ ನೋಡಾಕ."

ಧಣಿಯ ಹೆಂಡತಿಯ ತೀರ್ಪಿನ ಮೇಲೆ ಅಪೀಲು ಇಲ್ಲ. ಅಜಿತಕುಮಾರ ಕುಳಿತ. ಜನ "ಇನ್ನೊಮ್ಮೆ, ಇನ್ನೊಮ್ಮೆ" ಎಂದು ಕೂಗಿದರು. ಗ್ಯಾಸು ತೀರುವವರೆಗೆ ಕೃಷ್ಣಾಜಿರಾವ ತೋರಿಸಿದ. ಪ್ರತಿ ಸಲವೂ ಊರು ಒಂದೇ ಬಾಯಿಯಿಂದ ಬೈದು ತಣಿಯಿತು.

ಮರುದಿನ ಬೆಳಗಾವಿ ಸ್ಟೇಶನ್ನಿನಲ್ಲಿ ಜಾತ್ರೆಗಿಂತ ಹೆಚ್ಚು ಜನ. ಅಜಿತಕುಮಾರ ಕೋಟು ಬಿಚ್ಚಿ, ಸಿಂಬಿ ಸುತ್ತಿ, ತಗಡಿನ ಪೆಟ್ಟಿಗೆ ತಲೆಯ ಮೇಲೆ ಇಟ್ಟುಕೊಂಡ. ಟಿಳಕವಾಡಿಯ ಮನೆ ದೂರವಲ್ಲ. ಆದರೆ ನಡುವೆ ರೈಲ್ವೆ ಗೇಟು. ಅವನು ಅಲ್ಲಿಗೆ ಬರುವುದಕ್ಕೂ ಗೇಟು ಬೀಳುವುದಕ್ಕೂ ಸರಿಹೋಯಿತು. ಆಚೆ ಬದಿ ವಕೀಲರು, ಕಕ್ಷಿದಾರರು, ಓಣಿಯ ಹುಡುಗರು ಸಾಲಾಗಿ ನಿಂತರು. ಮಾಲಗಾಡಿ ಬಂತು. ಅಂಥ ಉದ್ದದ ಮಾಲಗಾಡಿ ಆ ಹಳಿಯ ಮೇಲೆ ಅದಕ್ಕೆ ಮೊದಲೂ ಹೋಗಿಲ್ಲ, ಆಮೇಲೂ ಹೋಗಿಲ್ಲ. ಡಬ್ಬಿಯ ಹಿಂದೆ ಡಬ್ಬಿ, ಒಂದೊಂದು ಸಂದಿನಲ್ಲಿ ಒಂದೊಂದು ನಗುವ ಮುಖ. ಅಜಿತಕುಮಾರನ ಕತ್ತು ತಗ್ಗುತ್ತ ಬಂತು. ಗಾಡಿ ದಾಟುವ ಮೊದಲೇ ಪೆಟ್ಟಿಗೆಯನ್ನು ಕೆಳಗೆ ಇಳಿಸಿದ.

"ಸಾಕು ಭಾವಾರ. ಇಷ್ಟು ಸಾಕು."

ಆ "ಸಾಕು" ಉತ್ತಮನಿಗೆ ಚೆನ್ನಾಗಿ ಗೊತ್ತಿತ್ತು. ಬಾವಿಯ ಅಂಚಿನಲ್ಲಿ, ಹಾರ್ಮೋನಿಯಂ ಮುಂದೆ, ಮಾಡಿಗೆ ಇಟ್ಟ ಏಣಿಯ ಮೇಲೆ ಅವನೇ ಅದನ್ನು ಹೇಳಿದ್ದ. ಜನ ಉತ್ತಮ ಏನೆನ್ನುವನೆಂದು ಕಿವಿ ನೆಟ್ಟರು. ಅವನು ನಗಲಿಲ್ಲ. ಬಗ್ಗಿ ಸಿಂಬಿ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ.

"ಇರ್ಲಿ ಬಿಡೋ ಅಜಿತಾ. ಮನಿ ಇಲ್ಲೇ ಐತಿ. ಪೆಟಗಿ ಎತ್ತಾಕ ಕೈ ಹಚ್ಚು."

ಗೇಟು ಎದ್ದಿತು. ಪೆಟ್ಟಿಗೆ ಹೊತ್ತು ಉತ್ತಮ ಮನೆಯ ಹೊಸ್ತಿಲವರೆಗೂ ನಡೆದ. ಹಿಂದೆ ರಾಜಮತಿ, ಅವಳ ಹಿಂದೆ ಸೋನಾಬಾಯಿ. ಸೋನಾಬಾಯಿ ನಡುದಾರಿಯಲ್ಲಿ ಒಮ್ಮೆ ನಿಂತು, ಇಡೀ ಟಿಳಕವಾಡಿಗೆ ಕೇಳುವಂತೆ ಹೇಳಿದಳು: "ನಮ್ಮೂರಿನ ಅರ್ಧ್ಯಾ ಖಾಲಿ ಆದ. ಇನ್ನ ನಿಮ್ಮೂರಿಗೆ ಒಬ್ಬಾಂವ ಬಂದ, ಜ್ವಾಕಿ ಮಾಡ್ಕೋರಿ." ಕೋರ್ಟಿನಲ್ಲಿ ಅಜಿತಕುಮಾರನನ್ನು ಆ ದಿನದಿಂದ ಬೇರೆ ಹೆಸರಿನಿಂದ ಕರೆದವರಿಲ್ಲ.

ಖಾನಾಪುರದ ಮನೆಯ ಮಾಡು ಇಂದಿಗೂ ಅರ್ಧ ಹಂಚು, ಅರ್ಧ ಹುಲ್ಲು; ಕೆಲಸ ನಡೆದಿದೆ. ಬಾಗಿಲು ಮಾತ್ರ ಚೌಕಟ್ಟಿಗೆ ಕುಳಿತಿತು. ಸುಣ್ಣದ ಅಕ್ಷರಗಳನ್ನು ರಾಜಮತಿ ಅಳಿಸಗೊಡಲಿಲ್ಲ. ಮಳೆಗಾಲದಲ್ಲಿ ಯಾರಾದರೂ ಅಂಗಳದಲ್ಲಿ ನಿಂತು ಸೋರುವ ಮಾಡಿನ ಕಡೆ ನೋಡಿ ಬಾಯಿ ತೆರೆದರೆ, ಅವಳು ಒಳಗೆ ಹೋಗಿ, ಅವರು ಓದಿಕೊಳ್ಳಲೆಂದು, ಬಾಗಿಲು ಮುಚ್ಚುತ್ತಿದ್ದಳು.